ಮರಿಯಾ ಸಬೀನಾ: ಅಣಬೆಯ ಗುಟ್ಟು ಬಿಟ್ಟುಕೊಟ್ಟು ಬೆಲೆ ತೆತ್ತ ಗುಡ್ಡಗಾಡಿನ ವೈದ್ಯೆ

ಖಿನ್ನತೆಯಿಂದ ಬಳಲುವವರಿಗೆ ಅಣಬೆಯಲ್ಲಿರುವ ಒಂದು ರಾಸಾಯನಿಕ ಮದ್ದಾಗಬಲ್ಲುದೇ ಎಂಬ ಪ್ರಶ್ನೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ಆಸ್ಪತ್ರೆಗಳಲ್ಲಿ ಗಂಭೀರ ಸಂಶೋಧನೆಯ ವಸ್ತುವಾಗಿದೆ. ಅದೇ ರಾಸಾಯನಿಕವನ್ನು ಇಟ್ಟುಕೊಳ್ಳುವುದು, ಮಾರುವುದು ಭಾರತವೂ ಸೇರಿದಂತೆ ಬಹುತೇಕ ದೇಶಗಳಲ್ಲಿ ಶಿಕ್ಷಾರ್ಹ ಅಪರಾಧ. ಒಂದೇ ವಸ್ತು ಒಂದೆಡೆ ಔಷಧದ ಭರವಸೆ, ಇನ್ನೊಂದೆಡೆ ನಿಷಿದ್ಧ ಮಾದಕ. ಈ ವಿಚಿತ್ರ ಸ್ಥಿತಿ ಹೇಗೆ ಬಂತೆಂದು ಹುಡುಕುತ್ತ ಹೋದರೆ ಮೆಕ್ಸಿಕೋ ದೇಶದ ಬೆಟ್ಟದೂರೊಂದರ ಬಡ ವಿಧವೆಯ ಮನೆಯಂಗಳಕ್ಕೆ ಬಂದು ನಿಲ್ಲುತ್ತೇವೆ.

ಆಕೆಯ ಹೆಸರು ಮರಿಯಾ ಸಬೀನಾ. ಓದು ಬರಹ ತಿಳಿಯದವರು. ತಮ್ಮ ಬುಡಕಟ್ಟಿನ ಮಸಾಟೆಕ್ ಭಾಷೆಯ ಹೊರತು ದೇಶಭಾಷೆಯಾದ ಸ್ಪ್ಯಾನಿಷ್ ಕೂಡ ಆಡಲು ಬಾರದವರು. ಆದರೂ ಆಧುನಿಕ ಮನೋವೈದ್ಯದ ಒಂದು ಶಾಖೆಗೆ ಆಕೆ ಕಾರಣರಾದರು. ಅದರಿಂದ ಆಕೆಗೆ ದಕ್ಕಿದ್ದು ಕೀರ್ತಿ. ಕಳೆದುಕೊಂಡದ್ದು ಮನೆ, ನೆಮ್ಮದಿ ಮತ್ತು ಊರಿನವರ ವಿಶ್ವಾಸ.

ಹಸಿವಿನ ಬಾಲ್ಯ

ಮೆಕ್ಸಿಕೋದ ದಕ್ಷಿಣದಲ್ಲಿ ವಾಹಾಕಾ ಎಂಬ ರಾಜ್ಯವಿದೆ. ಅದರ ಉತ್ತರದ ಅಂಚಿನಲ್ಲಿ ಮಸಾಟೆಕ್ ಜನರು ವಾಸಿಸುವ ಕಡಿದಾದ ಪರ್ವತಸಾಲು. ಮಳೆ ಮತ್ತು ಮಂಜು ಹೇರಳವಾಗಿರುವ, ಕಾಫಿ ಬೆಳೆಯುವ ಸೀಮೆ ಅದು. ಅಲ್ಲಿನ ಮುಖ್ಯ ಊರು ವಾವ್‌ಟ್ಲಾ ದೆ ಹಿಮೆನೆಸ್. ಈ ಊರಿನ ಸಮೀಪದ ರಿಯೊ ಸಾಂತಿಯಾಗೋ ಎಂಬ ಹಳ್ಳಿಯಲ್ಲಿ 1894ರ ಜುಲೈ 22ರಂದು ಮರಿಯಾ ಸಬೀನಾ ಜನಿಸಿದರೆಂದು ದಾಖಲೆಗಳು ತಿಳಿಸುತ್ತವೆ. ತಂದೆ ಕ್ರಿಸಾಂತೊ ಫೆಲಿಸಿಯಾನೊ, ತಾಯಿ ಮರಿಯಾ ಕನ್ಸೆಪ್ಸಿಯನ್. ತಂದೆಯ ಕಡೆಯ ಅಜ್ಜ ಮತ್ತು ಮುತ್ತಜ್ಜ ಇಬ್ಬರೂ ಅಣಬೆಯ ನೆರವಿನಿಂದ ರೋಗ ಗುಣಪಡಿಸುವವರಾಗಿದ್ದರು. ಅಂತಹವರನ್ನು ಮಸಾಟೆಕ್ ಭಾಷೆಯಲ್ಲಿ ಅರಿತವರು ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಮಗುವಿಗೆ ನೆನಪು ಮೂಡುವ ಮೊದಲೇ ತಂದೆ ತೀರಿಕೊಂಡರು. ಎರಡು ಎಳೆಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಾಯಿ ವಾವ್‌ಟ್ಲಾದ ತವರುಮನೆ ಸೇರಿದರು. ಅಲ್ಲಿಯೂ ಕಡುಬಡತನ. ಮರಿಯಾ ಮತ್ತು ಅವಳ ತಂಗಿ ಮರಿಯಾ ಆನಾ ಕೋಳಿ ಕಾಯುವುದು, ಆಡು ಮೇಯಿಸುವುದು, ಸೌದೆ ಆರಿಸುವುದು ಮುಂತಾದ ಕೆಲಸಗಳಲ್ಲಿ ಬೆಳೆದರು. ಶಾಲೆಯ ಮೆಟ್ಟಿಲು ತುಳಿಯಲಿಲ್ಲ.

ಒಮ್ಮೆ ಸೋದರಮಾವನೊಬ್ಬ ಕಾಯಿಲೆ ಬಿದ್ದಾಗ ವೈದ್ಯನೊಬ್ಬ ಮನೆಗೆ ಬಂದ. ರಾತ್ರಿಯಿಡೀ ಅಣಬೆ ತಿಂದು, ಹಾಡಿ ಚಿಕಿತ್ಸೆ ನಡೆಸಿದ. ಬಾಲಕಿ ಇದನ್ನು ಕಣ್ಣರಳಿಸಿ ನೋಡಿದ್ದಳು. ಕೆಲವು ದಿನಗಳ ನಂತರ ಕಾಡಿನಲ್ಲಿ ಕೋಳಿ ಕಾಯುತ್ತಿದ್ದಾಗ ಅದೇ ಬಗೆಯ ಅಣಬೆಗಳು ಅವಳ ಕಣ್ಣಿಗೆ ಬಿದ್ದವು. ಅಕ್ಕತಂಗಿಯರಿಬ್ಬರೂ ಕಿತ್ತು ತಿಂದರು. ತಲೆ ತಿರುಗಿತು, ಅಳು ಬಂತು, ಬಳಿಕ ಮನಸ್ಸು ಹಗುರವಾಯಿತು. ಅಂದಿನಿಂದ ಹಸಿವಾದಾಗ, ಚಳಿಯಾದಾಗ ಅವರು ಅಣಬೆ ತಿನ್ನುವುದು ರೂಢಿಯಾಯಿತು. ಮನೆಯ ಹಿರಿಯರು ಅವರು ನಗುತ್ತ ಅಳುತ್ತ ಬಿದ್ದಿರುವುದನ್ನು ಕಂಡರೂ ಗದರಿಸಲಿಲ್ಲ. ಅಣಬೆ ತಿಂದವರನ್ನು ಬೈಯಬಾರದೆಂಬುದು ಅಲ್ಲಿನ ನಂಬಿಕೆ.

ಸಂಸಾರ ಮತ್ತು ತಂಗಿಯ ಕಾಯಿಲೆ

ಹದಿನಾಲ್ಕರ ಆಸುಪಾಸಿನಲ್ಲಿ ಮದುವೆಯಾಯಿತು. ಗಂಡ ಸೆರಾಪಿಯೊ ಮಾರ್ಟಿನೆಸ್ ನೂಲು, ಪಾತ್ರೆಗಳ ಸಣ್ಣ ವ್ಯಾಪಾರಿ. ಮೂವರು ಮಕ್ಕಳಾದರು. ಮೆಕ್ಸಿಕೋ ಕ್ರಾಂತಿಯ ಕಾಲವದು. ಸೆರಾಪಿಯೊ ಕೂಡ ಕೆಲಕಾಲ ಬಂದೂಕು ಹೊತ್ತು ಹೋಗಿ ಮರಳಿದ. ಮದುವೆಯಾಗಿ ಆರು ವರ್ಷ ಕಳೆಯುವಷ್ಟರಲ್ಲಿ ಕಾಯಿಲೆಯಿಂದ ತೀರಿಕೊಂಡ. ಇಪ್ಪತ್ತರ ಹರೆಯದಲ್ಲೇ ವಿಧವೆಯಾದ ಮರಿಯಾ ಸಬೀನಾ ಕೂಲಿ ಮಾಡಿ, ಊರೂರು ಸುತ್ತಿ ಸಣ್ಣಪುಟ್ಟ ಸಾಮಾನು ಮಾರಿ ಮಕ್ಕಳನ್ನು ಸಾಕಿದರು.

ವೈಧವ್ಯದ ಆ ವರ್ಷಗಳಲ್ಲಿ ತಂಗಿ ಮರಿಯಾ ಆನಾ ತೀವ್ರವಾಗಿ ಅಸ್ವಸ್ಥಳಾದಳು. ಹೊಟ್ಟೆನೋವು ಕಾಣಿಸಿಕೊಂಡು ಪ್ರಜ್ಞೆ ತಪ್ಪಿ ಬೀಳುತ್ತಿದ್ದಳು. ಊರಿನ ವೈದ್ಯರು ಕೈಚೆಲ್ಲಿದರು. ಆಗ ಮರಿಯಾ ಸಬೀನಾ ತಾವೇ ಅಣಬೆ ತಂದು ತಂಗಿಗೆ ಸ್ವಲ್ಪ ಕೊಟ್ಟು, ತಾವು ಎಂದೂ ತಿನ್ನದಷ್ಟು ತಿಂದರು. ಆ ರಾತ್ರಿ ಆಕೆಗೆ ಒಂದು ದರ್ಶನವಾಯಿತು. ಹಿರಿಯ ದೈವಗಳು ಮೇಜಿನ ಸುತ್ತ ಕುಳಿತಿದ್ದವು. ಅವುಗಳ ಮುಂದೆ ಪುಸ್ತಕವೊಂದು ತೆರೆದುಕೊಂಡು ಮನುಷ್ಯನಷ್ಟು ಎತ್ತರ ಬೆಳೆಯಿತು. ಅದು ಅರಿವಿನ ಗ್ರಂಥ, ಇನ್ನು ಮುಂದೆ ನಿನ್ನದು ಎಂದು ತಿಳಿಸಲಾಯಿತು. ಅಕ್ಷರ ಬಾರದ ಆಕೆ ಅದನ್ನು ಓದಬಲ್ಲವರಾದರು. ತಂಗಿ ಗುಣಮುಖಳಾದಳು. ಇದು ಆಕೆ ವೃದ್ಧಾಪ್ಯದಲ್ಲಿ ನೀಡಿದ ವಿವರಣೆ.

ವೈದ್ಯಶಾಸ್ತ್ರದ ಒರೆಗಲ್ಲಿಗೆ ಹಚ್ಚಲು ಈ ಪ್ರಸಂಗದಲ್ಲಿ ಏನೂ ಸಿಗಲಾರದು. ಆದರೆ ಅನಕ್ಷರಸ್ಥ ಹೆಣ್ಣೊಬ್ಬಳಿಗೆ ದೊರೆತ ಅತ್ಯುನ್ನತ ವರ ಒಂದು ಪುಸ್ತಕವಾಗಿತ್ತೆಂಬುದು ಆಕೆಯ ಬದುಕನ್ನು ಬಲ್ಲವರಿಗೆ ಮರೆಯಲಾಗದ ಸಂಗತಿ. ಸುದ್ದಿ ಊರೆಲ್ಲ ಹರಡಿತು. ರೋಗಿಗಳು ಮನೆ ಹುಡುಕಿಕೊಂಡು ಬರತೊಡಗಿದರು.

ಎರಡನೆಯ ಮದುವೆ ಸುಖ ತರಲಿಲ್ಲ. ಮಾರ್ಸಿಯಾಲ್ ಕರ‍್ರೇರಾ ಎಂಬಾತ ಕುಡಿದು ಹೊಡೆಯುವವನಾಗಿದ್ದ. ಆತನೂ ನಾಟಿ ವೈದ್ಯನೇ. ಆದರೆ ಅಣಬೆ ಬಳಸುವವನಲ್ಲ. ಅಣಬೆ ಸೇವಿಸುವ ನಾಲ್ಕು ದಿನ ಮೊದಲು ಮತ್ತು ನಾಲ್ಕು ದಿನ ನಂತರ ದಾಂಪತ್ಯದಿಂದ ದೂರವಿರಬೇಕೆಂಬ ಕಟ್ಟುಪಾಡಿದ್ದುದರಿಂದ ಆ ಹದಿಮೂರು ವರ್ಷ ಮರಿಯಾ ಸಬೀನಾ ಅಣಬೆಯಿಂದ ದೂರ ಉಳಿದರು. ಈ ಮದುವೆಯಲ್ಲಿ ಹುಟ್ಟಿದ ಆರು ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ವೈಯಕ್ತಿಕ ದ್ವೇಷದಲ್ಲಿ ಮಾರ್ಸಿಯಾಲ್ ಕೊಲೆಯಾದ. ಎರಡನೆಯ ಬಾರಿ ವಿಧವೆಯಾದ ಮೇಲೆ ಆಕೆ ಪೂರ್ಣವಾಗಿ ವೈದ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಇರುಳಿನ ಜಾಗರಣೆ

ಮಸಾಟೆಕ್ ಜನರ ಅಣಬೆ ಚಿಕಿತ್ಸೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ವೆಲಾದಾ ಎಂದು ಹೆಸರು. ಜಾಗರಣೆ ಎಂಬುದು ಅದರ ಅರ್ಥ. ಅದು ಮೋಜಿನ ಕೂಟವಾಗಿರಲಿಲ್ಲ. ಮನೆಯಲ್ಲಿ ರೋಗಿ ಇದ್ದಾಗ, ಕಾಯಿಲೆಯ ಕಾರಣ ತಿಳಿಯದಾದಾಗ, ಏನನ್ನೋ ಅಥವಾ ಯಾರನ್ನೋ ಕಳೆದುಕೊಂಡು ದಿಕ್ಕು ತೋಚದಾದಾಗ ಮಾತ್ರ ಅಣಬೆಯ ಮೊರೆ ಹೋಗುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಅದಕ್ಕೆ ಕಾಲ.

ಅಣಬೆಗಳಲ್ಲಿ ಮೂರು ಬಗೆ ಮುಖ್ಯವಾದವು. ಸೈಲೊಸೈಬಿ ಮೆಕ್ಸಿಕಾನಾ ಎಂಬ ಸಣ್ಣ ಜಾತಿ ಹುಲ್ಲುಗಾವಲಿನಲ್ಲಿ ಬೆಳೆಯುವಂಥದ್ದು. ಮರಿಹಕ್ಕಿ ಎಂಬರ್ಥದ ಅಡ್ಡಹೆಸರು ಅದಕ್ಕೆ. ಕುಸಿದ ಮಣ್ಣಿನಲ್ಲಿ ಮೂಡುವುದು ಸೈಲೊಸೈಬಿ ಸೆರುಲೆಸೆನ್ಸ್. ದನದ ಸಗಣಿಯ ಮೇಲೆ ಏಳುವುದು ಸೈಲೊಸೈಬಿ ಕ್ಯೂಬೆನ್ಸಿಸ್. ಇದನ್ನು ರೈತರ ಸಂತ ಇಸಿಡ್ರೊನ ಹೆಸರಿನಿಂದ ಕರೆಯುತ್ತಿದ್ದರು. ಮರಿಯಾ ಸಬೀನಾ ಇವೆಲ್ಲವನ್ನೂ ಪವಿತ್ರ ಮಕ್ಕಳೆಂದು ಅಕ್ಕರೆಯಿಂದ ಕರೆಯುತ್ತಿದ್ದರು.

ಜಾಗರಣೆಯ ಕ್ರಮ ಹೀಗಿತ್ತು. ಮನೆಯ ಒಂದು ಮೂಲೆಯಲ್ಲಿ ಕ್ರೈಸ್ತ ಸಂತರ ಪಟಗಳು, ಮೇಣದಬತ್ತಿ, ಹೂವು. ಕೋಪಾಲ್ ಎಂಬ ಧೂಪದ ಹೊಗೆಗೆ ಅಣಬೆಗಳನ್ನು ಹಿಡಿದು ಜೋಡಿ ಜೋಡಿಯಾಗಿ ಹಂಚುತ್ತಿದ್ದರು. ವೈದ್ಯೆಯ ಪಾಲು ಎಲ್ಲರಿಗಿಂತ ಹೆಚ್ಚು. ತಿಂದ ನಂತರ ದೀಪ ಆರಿಸಿ ಕತ್ತಲೆ ಮಾಡಲಾಗುತ್ತಿತ್ತು. ಅನಂತರ ಬೆಳಗಿನ ಜಾವದವರೆಗೆ ಮರಿಯಾ ಸಬೀನಾ ಹಾಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ದೇವರನ್ನೂ ಸಂತರನ್ನೂ ಬೆಟ್ಟದ ಒಡೆಯರನ್ನೂ ಕರೆಯುತ್ತಿದ್ದರು. ಯಾರೂ ಮಧ್ಯದಲ್ಲಿ ಎದ್ದು ಹೊರಗೆ ಹೋಗಬಾರದು. ರೋಗಿ ಹೆದರಿದರೆ, ಅತ್ತರೆ, ವಾಂತಿ ಮಾಡಿಕೊಂಡರೆ ನೋಡಿಕೊಳ್ಳಲು ಪಕ್ಕದಲ್ಲೇ ಜನರಿರುತ್ತಿದ್ದರು.

ಆಕೆ ನಿಷ್ಠಾವಂತ ಕ್ಯಾಥೊಲಿಕ್ ಕೂಡ ಆಗಿದ್ದರು. ಚರ್ಚಿನ ಮಹಿಳಾ ಸಂಘದಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದವರು. ಅಣಬೆಗೂ ಯೇಸುವಿಗೂ ಆಕೆಯ ಮನಸ್ಸಿನಲ್ಲಿ ವೈರವಿರಲಿಲ್ಲ. ಚಿಕಿತ್ಸೆಗೆ ದರ ನಿಗದಿ ಮಾಡದೆ, ಕೊಟ್ಟಷ್ಟನ್ನು ಪಡೆಯುತ್ತಿದ್ದರು.

ಎಲ್ಲ ರೋಗಿಗಳೂ ಬದುಕುತ್ತಿದ್ದರೆಂದಲ್ಲ. 1958ರಲ್ಲಿ ಹದಿಹರೆಯದ ರೋಗಿಯೊಬ್ಬನಿಗಾಗಿ ನಡೆದ ಜಾಗರಣೆಯನ್ನು ಅಮೆರಿಕದ ತಂಡವೊಂದು ಧ್ವನಿಮುದ್ರಿಸಿಕೊಂಡಿತು. ಆ ರಾತ್ರಿ ಮರಿಯಾ ಸಬೀನಾ ಕಂಡುಕೊಂಡದ್ದು ಆತ ಉಳಿಯುವುದಿಲ್ಲವೆಂಬುದನ್ನು. ಕೆಲಕಾಲದಲ್ಲೇ ಆತ ತೀರಿಕೊಂಡ. ಅಣಬೆಯು ದೇಹದ ಗಂಭೀರ ಕಾಯಿಲೆಗೆ ಔಷಧವಲ್ಲ. ಅದು ಕೊಡುವುದು ಏನಿದ್ದರೂ ಮನಸ್ಸಿಗೆ ಸಂಬಂಧಿಸಿದ್ದು. ಈ ವ್ಯತ್ಯಾಸವನ್ನು ಮರೆತು ಆಕೆಯ ಕಥೆಯನ್ನು ಪವಾಡವಾಗಿ ಹೇಳುವುದು ಆಕೆಗೂ ಓದುಗರಿಗೂ ಮಾಡುವ ಅನ್ಯಾಯ.

ನ್ಯೂಯಾರ್ಕಿನಿಂದ ಬಂದ ಬ್ಯಾಂಕ್ ಅಧಿಕಾರಿ

ಸ್ಪೇನಿನವರು ಮೆಕ್ಸಿಕೋ ಗೆದ್ದ 16ನೇ ಶತಮಾನದಲ್ಲೇ ಪಾದ್ರಿ ಬರ್ನಾರ್ದಿನೊ ದೆ ಸಹಗೂನ್ ಅಣಬೆ ಸೇವನೆಯ ಬಗ್ಗೆ ಬರೆದಿಟ್ಟಿದ್ದರು. ಚರ್ಚು ಇದನ್ನು ಸೈತಾನನ ಆರಾಧನೆ ಎಂದು ಬಗೆದು ಹತ್ತಿಕ್ಕಿತು. ಆಚರಣೆ ಬೆಟ್ಟಗಳ ನಡುವೆ ಗುಟ್ಟಾಗಿ ಉಳಿಯಿತು. 1930ರ ದಶಕದ ಕೊನೆಯಲ್ಲಿ ಸಸ್ಯವಿಜ್ಞಾನಿ ರಿಚರ್ಡ್ ಎವಾನ್ಸ್ ಶುಲ್ಟ್ಸ್ ವಾವ್‌ಟ್ಲಾಗೆ ಬಂದು ಅಣಬೆಯ ಮಾದರಿ ಸಂಗ್ರಹಿಸಿ ಲೇಖನ ಪ್ರಕಟಿಸಿದರು. ಅದು ಪಂಡಿತರ ವಲಯ ದಾಟಲಿಲ್ಲ.

ಗುಟ್ಟನ್ನು ಬಯಲಿಗೆ ತಂದವರು ರಾಬರ್ಟ್ ಗಾರ್ಡನ್ ವಾಸನ್. ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ. ಆತನ ಪತ್ನಿ ವ್ಯಾಲೆಂಟಿನಾ ರಷ್ಯ ಮೂಲದ ಮಕ್ಕಳ ವೈದ್ಯೆ. 1927ರಲ್ಲಿ ಮಧುಚಂದ್ರಕ್ಕೆ ಹೋದಾಗ ಪತ್ನಿ ಕಾಡಿನ ಅಣಬೆಗಳನ್ನು ಕಂಡು ಹಿಗ್ಗಿದರೆ ಪತಿ ಹೇಸಿಕೊಂಡರು. ಕೆಲವು ಜನಾಂಗಗಳಿಗೆ ಅಣಬೆಯೆಂದರೆ ಪ್ರೀತಿ, ಕೆಲವಕ್ಕೆ ಭಯ ಏಕೆ ಎಂಬ ಕುತೂಹಲ ಅಲ್ಲಿಂದ ಆರಂಭವಾಗಿ ದಂಪತಿಯ ಜೀವನದುದ್ದದ ಹವ್ಯಾಸವಾಯಿತು. ಆ ಹವ್ಯಾಸವೇ 1953ರಲ್ಲಿ ಅವರನ್ನು ಮೊದಲ ಬಾರಿಗೆ ವಾವ್‌ಟ್ಲಾಗೆ ಕರೆತಂದಿತು.

1955ರ ಜೂನ್ 29ರಂದು ವಾಸನ್ ಊರಿನ ಪುರಸಭೆಯ ಅಧಿಕಾರಿ ಕಾಯೆತಾನೊ ಗಾರ್ಸಿಯಾ ಅವರನ್ನು ಕಂಡು, ಅಣಬೆಯ ರಹಸ್ಯ ತಿಳಿಯಲು ನೆರವು ಕೋರಿದರು. ಕಾಯೆತಾನೊ ಒಪ್ಪಿ ಮರಿಯಾ ಸಬೀನಾ ಬಳಿಗೆ ಕರೆದೊಯ್ದರು. ಊರಿನ ಅಧಿಕಾರಿಯೇ ಮನೆ ಬಾಗಿಲಿಗೆ ಬಂದು ಕೇಳಿದಾಗ ಇಲ್ಲವೆನ್ನಲು ಬಡ ವಿಧವೆಗೆ ಸಾಧ್ಯವಿರಲಿಲ್ಲ. ಅಧಿಕಾರಿಯ ಮಾತಿಗೆ ಕಟ್ಟುಬಿದ್ದು ಒಪ್ಪಿಕೊಂಡೆನೆಂದು ಆಕೆ ಮುಂದೆ ಹೇಳಿಕೊಂಡದ್ದುಂಟು.

ಆ ರಾತ್ರಿ ಕಾಯೆತಾನೊ ಮನೆಯಲ್ಲಿ ಜಾಗರಣೆ ನಡೆಯಿತು. ವಾಸನ್ ಮತ್ತು ಛಾಯಾಗ್ರಾಹಕ ಅಲನ್ ರಿಚರ್ಡ್‌ಸನ್ ಅವರಿಗೆ ತಲಾ ಆರು ಜೋಡಿ ಅಣಬೆ ಕೊಡಲಾಯಿತು. ಮರಿಯಾ ಸಬೀನಾ ಹದಿಮೂರು ಜೋಡಿ ತಿಂದರು. ಕತ್ತಲೆಯಲ್ಲಿ ಬಣ್ಣಬಣ್ಣದ ಚಿತ್ತಾರಗಳು, ಅರಮನೆಗಳು, ಪರ್ವತಗಳು ವಾಸನ್ ಕಣ್ಣಮುಂದೆ ತೇಲಿದವು. ಹೊರಗಿನವರು ಆ ಅಣಬೆಯನ್ನು ವಿಧಿಪೂರ್ವಕವಾಗಿ ಸೇವಿಸಿದ ದಾಖಲಿತ ಮೊದಲ ಪ್ರಸಂಗ ಅದು. ತೆಗೆದ ಚಿತ್ರಗಳನ್ನು ಆಪ್ತರಿಗೆ ಮಾತ್ರ ತೋರಿಸಬೇಕೆಂಬುದು ಮರಿಯಾ ಸಬೀನಾ ಅವರ ಷರತ್ತಾಗಿತ್ತು.

ಆದರೆ 1957ರ ಮೇ 13ರ ಲೈಫ್ ವಾರಪತ್ರಿಕೆಯಲ್ಲಿ ವಾಸನ್ ಬರೆದ ಸಚಿತ್ರ ಲೇಖನ ಪ್ರಕಟವಾಯಿತು. ಅದರಲ್ಲಿ ವೈದ್ಯೆಗೆ ಇವಾ ಮೆಂಡೆಸ್ ಎಂಬ ಸುಳ್ಳು ಹೆಸರಿತ್ತು, ಊರಿನ ಹೆಸರನ್ನು ಮರೆಮಾಚಲಾಗಿತ್ತು. ಆದರೇನು, ಮುಖದ ಚಿತ್ರವಿತ್ತು. ಅದೇ ವರ್ಷ ವಾಸನ್ ದಂಪತಿ ಹೊರತಂದ ದುಬಾರಿ ಗ್ರಂಥದಲ್ಲಿ ನಿಜವಾದ ಊರು ಹೆಸರುಗಳೂ ಇದ್ದವು. ಲಕ್ಷಾಂತರ ಮನೆಗಳಿಗೆ ತಲುಪುತ್ತಿದ್ದ ಪತ್ರಿಕೆಯ ಒಂದು ಸಂಚಿಕೆಯಿಂದ ನಾಲ್ಕು ಶತಮಾನಗಳ ಗುಟ್ಟು ರಟ್ಟಾಯಿತು.

ಪ್ರಯೋಗಾಲಯ ಸೇರಿದ ಅಣಬೆ

ಅಣಬೆಯ ಹಿಂದೆ ಬಿದ್ದವರಲ್ಲಿ ಗೂಢಚಾರರೂ ಇದ್ದರು. ಮನಸ್ಸನ್ನು ವಶಪಡಿಸಿಕೊಳ್ಳುವ ರಾಸಾಯನಿಕಗಳನ್ನು ಅರಸುತ್ತಿದ್ದ ಅಮೆರಿಕದ ಸಿಐಎ, ತನ್ನ ಎಂಕೆ ಅಲ್ಟ್ರಾ ಯೋಜನೆಯ ಭಾಗವಾಗಿ ಜೇಮ್ಸ್ ಮೂರ್ ಎಂಬ ರಸಾಯನವಿಜ್ಞಾನಿಯನ್ನು 1956ರ ವಾಸನ್ ತಂಡದೊಳಗೆ ಸೇರಿಸಿತು. ಪ್ರವಾಸಕ್ಕೆ ಹಣ ಬಂದದ್ದು ಸಂಸ್ಥೆಯೊಂದರ ಸೋಗಿನಲ್ಲಿ. ಚಳಿ, ಹೊಟ್ಟೆಯ ತೊಂದರೆಗಳಿಂದ ಬಳಲಿದ ಮೂರ್‌ಗೆ ಆ ಜಾಗರಣೆಯಲ್ಲಿ ಯಾವ ದರ್ಶನದ ಸುಖವೂ ಸಿಗಲಿಲ್ಲ. ಅಣಬೆಯ ಅನುಭವ ತಿನ್ನುವವನ ಮನಸ್ಥಿತಿಯನ್ನೂ ಅವಲಂಬಿಸಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ ತಂಡದಲ್ಲಿದ್ದ ಫ್ರಾನ್ಸಿನ ಅಣಬೆ ತಜ್ಞ ರೋಜೆ ಎಮ್ ಮಾದರಿಗಳನ್ನು ಪ್ಯಾರಿಸ್ಸಿಗೆ ಒಯ್ದು ಬೆಳೆಸಿದರು. ಅಲ್ಲಿಂದ ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪನಿ ಸೇರಿದವು. ಎಲ್‌ಎಸ್‌ಡಿ ಕಂಡುಹಿಡಿದ ಆಲ್ಬರ್ಟ್ ಹಾಫ್‌ಮನ್ ಅಲ್ಲಿನ ರಸಾಯನವಿಜ್ಞಾನಿ. ಆತ ಒಣಗಿದ 32 ಅಣಬೆಗಳನ್ನು ತಾನೇ ತಿಂದು ಪರೀಕ್ಷಿಸಿ, 1958ರಲ್ಲಿ ಅದರ ಸಾರವನ್ನು ಬೇರ್ಪಡಿಸಿದರು. ಅವೇ ಸೈಲೊಸಿಬಿನ್ ಮತ್ತು ಸೈಲೊಸಿನ್. ದೇಹದೊಳಗೆ ಸೈಲೊಸಿಬಿನ್ ಸೈಲೊಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸಿರೊಟೋನಿನ್ ಕೆಲಸ ಮಾಡುವ ಕೆಲವು ತಾಣಗಳ ಮೇಲೆ ಪ್ರಭಾವ ಬೀರುತ್ತದೆ. ಕಂಪನಿ ಪೇಟೆಂಟ್ ಪಡೆದು, ಇಂಡೊಸಿಬಿನ್ ಎಂಬ ಹೆಸರಿನಲ್ಲಿ ಸಂಶೋಧಕರಿಗೆ ಗುಳಿಗೆ ಒದಗಿಸಿತು. ಇದರಲ್ಲಿ ಮಸಾಟೆಕ್ ಜನರಿಗೆ ಪಾಲಿರಲಿಲ್ಲ.

1962ರ ಅಕ್ಟೋಬರಿನಲ್ಲಿ ಹಾಫ್‌ಮನ್ ದಂಪತಿ ವಾಸನ್ ಜತೆಗೂಡಿ ವಾವ್‌ಟ್ಲಾಗೆ ಬಂದರು. ಪ್ರಯೋಗಾಲಯದ ಗುಳಿಗೆಗಳನ್ನು ಮರಿಯಾ ಸಬೀನಾ ಕೈಗಿತ್ತರು. ಆಕೆ ಅವನ್ನು ನುಂಗಿ ರಾತ್ರಿಯಿಡೀ ಜಾಗರಣೆ ನಡೆಸಿದರು. ಗುಳಿಗೆಗೂ ಅಣಬೆಗೂ ವ್ಯತ್ಯಾಸವಿಲ್ಲವೆಂದು ತೀರ್ಪಿತ್ತರು. ಅಣಬೆ ಸಿಗದ ತಿಂಗಳುಗಳಲ್ಲೂ ಇನ್ನು ರೋಗಿಗಳಿಗೆ ನೆರವಾಗಬಹುದೆಂದು ಸಂತೋಷಪಟ್ಟರು. ಬಾಸೆಲ್‌ನ ರಸಾಯನವಿಜ್ಞಾನಿ ತನ್ನ ಸಂಶೋಧನೆಗೆ ಅಂತಿಮ ಮುದ್ರೆ ಪಡೆದದ್ದು ಶಾಲೆ ಕಾಣದ ಈ ಮುದುಕಿಯಿಂದ.

ಜಾತ್ರೆಯಾದ ಊರು

ಅಷ್ಟರಲ್ಲಿ ಹೊರಗಿನ ಜಗತ್ತಿನಲ್ಲಿ ಅಣಬೆ ಬೇರೆಯೇ ದಾರಿ ಹಿಡಿದಿತ್ತು. 1960ರ ಆಗಸ್ಟಿನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಣಬೆ ತಿಂದ ಹಾರ್ವರ್ಡ್‌ನ ಮನೋವಿಜ್ಞಾನಿ ಟಿಮೊಥಿ ಲಿಯರಿ, ವಿಶ್ವವಿದ್ಯಾಲಯಕ್ಕೆ ಮರಳಿ ಸೈಲೊಸಿಬಿನ್ ಪ್ರಯೋಗ ಆರಂಭಿಸಿದರು. 1963ರಲ್ಲಿ ವಿಶ್ವವಿದ್ಯಾಲಯ ಅವರನ್ನು ಕೈಬಿಟ್ಟಿತು. ಆದರೆ ಭ್ರಮೆ ತರಿಸುವ ವಸ್ತುಗಳ ಗೀಳು ಯುವಜನರಲ್ಲಿ ಬೆಳೆಯುತ್ತಲೇ ಹೋಯಿತು.

ಉದ್ದ ಕೂದಲಿನ ಹಿಪ್ಪಿಗಳು ಗುಂಪುಗುಂಪಾಗಿ ವಾವ್‌ಟ್ಲಾಗೆ ಲಗ್ಗೆಯಿಟ್ಟರು. ಹೊತ್ತು ಗೊತ್ತಿಲ್ಲದೆ, ಹಗಲಿನಲ್ಲೂ, ಬೀದಿಯಲ್ಲೂ ಅಣಬೆ ತಿಂದರು. ಕಾಯಿಲೆಯಿಲ್ಲದವರು ದೇವರನ್ನು ಕಾಣಲು ಬಂದೆವೆಂದಾಗ ಮರಿಯಾ ಸಬೀನಾ ಅಚ್ಚರಿಪಟ್ಟರು. ಆಕೆಯ ಕಾಲದವರೆಗೆ ಅಣಬೆಯನ್ನು ಆ ಉದ್ದೇಶಕ್ಕೆ ಯಾರೂ ಕೇಳಿರಲಿಲ್ಲ. ಹೆಸರಾಂತ ಗಾಯಕರು ಆಕೆಯನ್ನು ಕಾಣಲು ಬಂದಿದ್ದರೆಂಬ ಕಥೆಗಳೂ ಹಬ್ಬಿದವು, ಅವುಗಳಿಗೆ ಆಧಾರಗಳಿಲ್ಲ.

ಇದರ ಪರಿಣಾಮ ಆಕೆಯ ಮೇಲಾಯಿತು. ಪೊಲೀಸರು ಮಾದಕ ವಸ್ತು ಮಾರಾಟದ ಶಂಕೆಯಿಂದ ಮನೆ ಶೋಧಿಸಿ ಆಕೆಯನ್ನು ವಶಕ್ಕೆ ಪಡೆದರು, ಬಳಿಕ ಬಿಟ್ಟರು. ಯಾರೋ ಮನೆಗೆ ಬೆಂಕಿಯಿಟ್ಟರು. ಇದ್ದ ಅಲ್ಪಸ್ವಲ್ಪ ಆಸ್ತಿ ಬೂದಿಯಾಯಿತು. ಪೂರ್ವಿಕರ ರಹಸ್ಯವನ್ನು ಪರಕೀಯರಿಗೆ ಬಿಟ್ಟುಕೊಟ್ಟ ಸಿಟ್ಟಿಗೆ ಹೀಗೆ ಮಾಡಿದರೋ ಎಂಬ ಸಂದೇಹ ಆಕೆಯನ್ನು ಕೊನೆಯವರೆಗೆ ಕಾಡಿತು. ಕೊಲೆಗೆ ಬಲಿಯಾದ ಮಗನ ದುಃಖವೂ ಆಕೆಯ ಬದುಕಿನಲ್ಲಿತ್ತು. 1969ರಲ್ಲಿ ಮೆಕ್ಸಿಕೋ ಸೇನೆ ವಾವ್‌ಟ್ಲಾ ರಸ್ತೆಯಲ್ಲಿ ತಡೆ ಹಾಕಿ ಹೊರಗಿನವರನ್ನು ಹಿಂದಕ್ಕಟ್ಟಿತು. 70ರ ದಶಕದ ಮಧ್ಯದವರೆಗೆ ಈ ಕಾವಲು ಮುಂದುವರಿಯಿತು.

ಮಸಾಟೆಕ್ ಲೇಖಕ ಆಲ್ವಾರೊ ಎಸ್ತ್ರಾದಾ ಆಕೆಯ ಮಾತುಗಳನ್ನು ಆಕೆಯದೇ ಭಾಷೆಯಲ್ಲಿ ಕೇಳಿ ಬರೆದುಕೊಂಡು 1977ರಲ್ಲಿ ಆತ್ಮಕಥನ ರೂಪದಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದರು. ಅರಿವಿನ ಗ್ರಂಥದ ಕನಸು ಕಂಡವರ ಹೆಸರಿನಲ್ಲಿ ಕೊನೆಗೂ ಒಂದು ಪುಸ್ತಕ ಬಂತು. ಪರಕೀಯರು ಬಂದ ಮೇಲೆ ಪವಿತ್ರ ಮಕ್ಕಳ ಶಕ್ತಿ ಕುಂದಿತು, ಅವು ಕೆಟ್ಟುಹೋದವು ಎಂಬ ಕೊರಗನ್ನು ಆಕೆ ಅದರಲ್ಲಿ ತೋಡಿಕೊಂಡರು. ವಾಸನ್ ಕೂಡ ತನ್ನ ಬರಹದಿಂದ ಆದ ಹಾನಿಗೆ ತಾನು ಹೊಣೆ ಎಂಬ ನೋವನ್ನು ಬರಹಗಳಲ್ಲಿ ವ್ಯಕ್ತಪಡಿಸಿದರು. ಆತನ ಹೆಸರು ಭಾರತದಲ್ಲೂ ಕೇಳಿಬಂದದ್ದುಂಟು: ಋಗ್ವೇದದ ಸೋಮ ಎಂಬುದು ಅಮನಿಟಾ ಮಸ್ಕಾರಿಯಾ ಎಂಬ ಕೆಂಪು ಅಣಬೆಯೇ ಎಂದು 1968ರಲ್ಲಿ ಆತ ವಾದಿಸಿದರು. ಅನೇಕ ಸಂಸ್ಕೃತ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಆ ಅಣಬೆಯಲ್ಲಿ ಸೈಲೊಸಿಬಿನ್ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ನಿಷೇಧ ಮತ್ತು ನಿಧನ

ಅಮೆರಿಕ 1970ರ ಕಾನೂನಿನಲ್ಲಿ ಸೈಲೊಸಿಬಿನ್ ಅನ್ನು ಅತ್ಯಂತ ಕಠಿಣ ನಿರ್ಬಂಧದ ಪಟ್ಟಿಗೆ ಸೇರಿಸಿತು. 1971ರ ವಿಶ್ವಸಂಸ್ಥೆಯ ಒಪ್ಪಂದವೂ ಹಾಗೆಯೇ ಮಾಡಿತು. ಬುಡಕಟ್ಟು ಜನರು ಆಚರಣೆಗಾಗಿ ಬಳಸುವ ಕಾಡಿನ ಸಸ್ಯಗಳ ವಿಷಯದಲ್ಲಿ ಮಾತ್ರ ಮೆಕ್ಸಿಕೋ ತನ್ನ ವಿನಾಯಿತಿ ಉಳಿಸಿಕೊಂಡಿತು. ವೈದ್ಯಕೀಯ ಸಂಶೋಧನೆಯೂ ಬಹುತೇಕ ನಿಂತುಹೋಯಿತು.

ಭಾರತದಲ್ಲಿ ಮಾದಕ ದ್ರವ್ಯ ಮತ್ತು ಮನೋದ್ರೇಕ ವಸ್ತುಗಳ ಕಾಯ್ದೆ (ಎನ್‌ಡಿಪಿಎಸ್) 1985ರ ನವೆಂಬರ್ 14ರಂದು ಜಾರಿಗೆ ಬಂತು. ಸೈಲೊಸಿಬಿನ್, ಸೈಲೊಸಿನ್ ಎರಡೂ ಅದರ ಪಟ್ಟಿಯಲ್ಲಿವೆ. ಅದಾದ ಎಂಟು ದಿನಗಳಿಗೆ, ನವೆಂಬರ್ 22ರಂದು, ವಾಹಾಕಾ ನಗರದ ಆಸ್ಪತ್ರೆಯಲ್ಲಿ ಮರಿಯಾ ಸಬೀನಾ ಕೊನೆಯುಸಿರೆಳೆದರು. ಆಗ ಆಕೆಗೆ 91 ವರ್ಷ. ಸಾಯುವಾಗಲೂ ಬಡವರಾಗಿಯೇ ಇದ್ದರು. ಇಂದು ಮೆಕ್ಸಿಕೋದ ಅಂಗಡಿಗಳಲ್ಲಿ ಆಕೆಯ ಸುಕ್ಕುಗಟ್ಟಿದ ಮುಖದ ಚಿತ್ರವಿರುವ ಅಂಗಿಗಳು ಮಾರಾಟವಾಗುತ್ತವೆ.

ಇಂದಿನ ವಿಜ್ಞಾನ ಹೇಳುವುದೇನು?

ಸುದೀರ್ಘ ವಿರಾಮದ ನಂತರ 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡ 36 ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೂರನೇ ಎರಡರಷ್ಟು ಮಂದಿ ಆ ಅನುಭವವನ್ನು ತಮ್ಮ ಬದುಕಿನ ಐದು ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲೊಂದು ಎಂದು ಗುರುತಿಸಿದರು. ಸುಮಾರು ಮೂರನೇ ಒಂದರಷ್ಟು ಮಂದಿ ತೀವ್ರ ಭಯವನ್ನೂ ಅನುಭವಿಸಿದರು. 2016ರಲ್ಲಿ ಅಲ್ಲಿಯೇ 51 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆರು ತಿಂಗಳ ನಂತರವೂ ಸುಮಾರು ಶೇ 80ರಷ್ಟು ಮಂದಿಯಲ್ಲಿ ಆತಂಕ, ಖಿನ್ನತೆ ಗಣನೀಯವಾಗಿ ತಗ್ಗಿದ್ದವು.

2022ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ದೊಡ್ಡದು. ಇತರ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 233 ಮಂದಿ ಅದರಲ್ಲಿ ಪಾಲ್ಗೊಂಡರು. ಒಂದೇ ಬಾರಿ 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರಗಳಲ್ಲಿ ಹೆಚ್ಚು ಸುಧಾರಣೆ ಕಂಡಿತು. ಆದರೆ ಹನ್ನೆರಡು ವಾರಗಳವರೆಗೆ ಆ ಸುಧಾರಣೆ ಉಳಿದದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ತಲೆನೋವು, ವಾಕರಿಕೆ, ತಲೆಸುತ್ತು ಸಾಮಾನ್ಯವಾಗಿದ್ದವು. ಆತ್ಮಹತ್ಯೆಯ ಯೋಚನೆಯಂತಹ ಗಂಭೀರ ಸಂಗತಿಗಳೂ ಕೆಲವರಲ್ಲಿ ವರದಿಯಾದವು. 2023ರ ಜುಲೈ 1ರಿಂದ ಆಸ್ಟ್ರೇಲಿಯ ಅಂತಹ ರೋಗಿಗಳಿಗೆ ಅಧಿಕೃತ ಮನೋವೈದ್ಯರ ಮೂಲಕ ಸೈಲೊಸಿಬಿನ್ ನೀಡಲು ಅನುಮತಿಸಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2020ರ ಜನಮತದ ಫಲವಾಗಿ 2023ರಲ್ಲಿ ಪರವಾನಗಿ ಪಡೆದ ಕೇಂದ್ರಗಳು ಆರಂಭವಾದವು.

ಅಪಾಯಗಳು ಸಣ್ಣವಲ್ಲ. ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ ಇದ್ದವರನ್ನು, ಕುಟುಂಬದಲ್ಲಿ ಅಂತಹ ಹಿನ್ನೆಲೆ ಇರುವವರನ್ನು ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಅವರಲ್ಲಿ ಚಿತ್ತವಿಕಾರ ಕೆರಳುವ ಭೀತಿಯಿದೆ. ರಕ್ತದೊತ್ತಡ, ಹೃದಯಬಡಿತ ಏರುವುದರಿಂದ ಹೃದ್ರೋಗಿಗಳಿಗೂ ಸಲ್ಲದು. ಸ್ವತಃ ಅಣಬೆ ತಿಂದು ಕೆಟ್ಟ ಅನುಭವ ಪಡೆದ 1,993 ಮಂದಿಯನ್ನು ಹಾಪ್ಕಿನ್ಸ್ ತಂಡ ಸಮೀಕ್ಷೆಗೆ ಒಳಪಡಿಸಿದಾಗ, ಶೇ 11ರಷ್ಟು ಮಂದಿ ಆ ಹೊತ್ತಿನಲ್ಲಿ ತಮ್ಮನ್ನೋ ಇತರರನ್ನೋ ದೈಹಿಕ ಅಪಾಯಕ್ಕೆ ಒಡ್ಡಿದ್ದಾಗಿ ತಿಳಿಸಿದರು. ಇದಕ್ಕಿಂತ ದೊಡ್ಡ ಅಪಾಯ ಗುರುತು ತಪ್ಪುವುದು. ಕಾಡಿನ ಕೆಲವು ವಿಷದ ಅಣಬೆಗಳು ಇವನ್ನು ಹೋಲುತ್ತವೆ. ಅವು ಯಕೃತ್ತನ್ನು ನಾಶಮಾಡಿ ಪ್ರಾಣ ತೆಗೆಯಬಲ್ಲವು. ಮಳೆಗಾಲದಲ್ಲಿ ಕುತೂಹಲಕ್ಕೆ ಅಣಬೆ ಕೀಳುವವರು ಇದನ್ನು ಮರೆಯಬಾರದು.

ಈಗಿನ ಪ್ರಯೋಗಗಳ ವಿಧಾನವನ್ನು ಗಮನಿಸಿದರೆ ವಾವ್‌ಟ್ಲಾದ ಜಾಗರಣೆ ನೆನಪಾಗದಿರದು. ರೋಗಿಯನ್ನು ಮೊದಲೇ ಪರೀಕ್ಷಿಸಿ ಸಿದ್ಧಗೊಳಿಸಲಾಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಲಾಗುತ್ತದೆ. ಸಂಗೀತ ಕೇಳಿಸಲಾಗುತ್ತದೆ. ಆರೆಂಟು ಗಂಟೆಗಳ ಕಾಲ ತರಬೇತಿ ಪಡೆದವರು ಪಕ್ಕದಿಂದ ಕದಲುವುದಿಲ್ಲ. ಕತ್ತಲೆ, ಹಾಡು, ಎಚ್ಚರವಾಗಿ ಕಾಯುವ ಜೀವ, ಕಾರಣವಿಲ್ಲದೆ ತಿನ್ನಬಾರದೆಂಬ ನಿಯಮ — ಇವೆಲ್ಲ ಮರಿಯಾ ಸಬೀನಾ ಅವರ ಮನೆಯಲ್ಲಿ ಮೊದಲೇ ಇದ್ದವು. ಹಿಪ್ಪಿಗಳು ಒಯ್ದದ್ದು ಅಣಬೆಯನ್ನು ಮಾತ್ರ. ಕಟ್ಟುಪಾಡುಗಳನ್ನು ಅಲ್ಲಿಯೇ ಬಿಟ್ಟರು. ನಂತರ ಬಂದ ಸರ್ಕಾರಗಳು ದುರ್ಬಳಕೆಗೆ ಹೆದರಿ ಸಂಶೋಧನೆಯ ದಾರಿಯನ್ನೂ ಮುಚ್ಚಿದವು. ಮತ್ತೆ ಆರಂಭವಾಗಲು ಮೂರೂವರೆ ದಶಕ ಬೇಕಾಯಿತು.

ನಮ್ಮ ನಾಟಿ ವೈದ್ಯರ, ಬುಡಕಟ್ಟು ಜನರ ಅರಿವನ್ನು ದಾಖಲಿಸಲು ಹೊರಡುವವರಿಗೂ ಈ ಜೀವನದಲ್ಲಿ ಒಂದು ಎಚ್ಚರಿಕೆಯಿದೆ. ಒಪ್ಪಿಗೆ ಕೇಳುವಾಗ ಕೊಡುವವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿದೆಯೇ, ಕೊಟ್ಟ ಷರತ್ತನ್ನು ಪಾಲಿಸಲಾಗುವುದೇ, ಅದರಿಂದ ಬಂದ ಲಾಭದಲ್ಲಿ ಅವರಿಗೆ ಪಾಲು ಸಿಗುವುದೇ ಎಂಬ ಪ್ರಶ್ನೆಗಳನ್ನು 1955ರಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಸೈಲೊಸಿಬಿನ್ ಮುಂದೊಂದು ದಿನ ಔಷಧದಂಗಡಿಯ ಕಪಾಟು ಸೇರಿದರೆ, ಅದರ ಹಿಂದಿನ ಸಾಲವನ್ನು ಯಾರಿಗೆ, ಹೇಗೆ ತೀರಿಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಅದನ್ನು ಮಾರುವವರ ಮತ್ತು ಅದಕ್ಕೆ ಕಾನೂನು ಮಾಡುವವರ ಕರ್ತವ್ಯ.